ಗುಂಡಿಕ್ಕುವ ಆದೇಶ ಬಂದ ದಿನ ತಕರಾರು ಬರೆಯುವುದು ಹೇಗೆ

‘ಚಿರತೆ ಕೊಲ್ಲಲು ಆದೇಶ’ ಎಂಬ ಸುದ್ದಿ ಟಿವಿಯಲ್ಲಿ ಬಂದ ಅರ್ಧ ಗಂಟೆಯೊಳಗೆ ಸಹಿ ಸಂಗ್ರಹ ಶುರುವಾಗುತ್ತದೆ. ಅದು ನಡೆಯಲಿ. ಆದರೆ ಬೆಂಗಳೂರಿನಲ್ಲಿ ಕೂತು ಇಂಥ ಆದೇಶಗಳ ವಿರುದ್ಧ ಅರ್ಜಿ ಬರೆಯುವ ನಮ್ಮ ಕೆಲಸ ಕಲಿಸಿದ ಪಾಠವೇ ಬೇರೆ. ಮೊದಲು ಬೇಕಾದದ್ದು ಆದೇಶದ ಪ್ರತಿ. ಅದರಲ್ಲಿ ಒಂದು ವಾಕ್ಯ ಇದೆಯೋ ಇಲ್ಲವೋ ಎಂಬುದರ ಮೇಲೆ ಆ ಪ್ರಾಣಿಯ ಜೀವ ನಿಂತಿರುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಸೆಕ್ಷನ್ 11ನ್ನು ತೆರೆದು ನೋಡಿ. ಹುಲಿ, ಚಿರತೆ, ಆನೆ ಎಲ್ಲವೂ ಮೊದಲ ಅನುಸೂಚಿಯಲ್ಲಿವೆ, ಅಂದರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯಲ್ಲಿ. ಇವುಗಳ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವ ಅಧಿಕಾರ ಇರುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ (ಚೀಫ್ ವೈಲ್ಡ್‌ಲೈಫ್ ವಾರ್ಡನ್) ಮಾತ್ರ. ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿ ಆಗಿರಬೇಕು, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ಊನವೋ ರೋಗವೋ ಅದಕ್ಕಿರಬೇಕು. ಆದೇಶ ಲಿಖಿತವಾಗಿರಬೇಕು, ಕಾರಣ ಹೇಳಿರಬೇಕು. ಅದರ ಕೆಳಗಿನ ಪರಂತುಕವೇ (‘ಆದರೆ’ ಎಂದು ಷರತ್ತು ಹಾಕುವ ಭಾಗ) ನಮ್ಮ ಆಧಾರ: ಸೆರೆ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವೇ ಇಲ್ಲ ಎಂದು ಅವರಿಗೆ ಮನವರಿಕೆಯಾಗದೆ ಕೊಲ್ಲುವ ಆದೇಶ ಹೊರಡಿಸುವಂತಿಲ್ಲ. ಆದೇಶದಲ್ಲಿ ಹುಡುಕಬೇಕಾದ ಆ ಒಂದು ವಾಕ್ಯ ಇದೇ. ‘ಸಾರ್ವಜನಿಕರ ಒತ್ತಾಯದ ಮೇರೆಗೆ’ ಎಂಬುದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಅದನ್ನೇ ಕಾರಣವಾಗಿ ಬರೆದಿದ್ದರೆ ತಕರಾರಿನ ಮೊದಲ ಪ್ಯಾರಾ ಅಲ್ಲಿಂದಲೇ ಶುರುವಾಗಲಿ.

ಪ್ರತಿಗಾಗಿ ಆರ್‌ಟಿಐ ಹಾಕಿ ಕಾಯಬೇಡಿ. 48 ಗಂಟೆಯಲ್ಲಿ ಉತ್ತರ ಕೊಡಬೇಕೆಂಬ ನಿಯಮ ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಪಟ್ಟದ್ದು. ಚಿರತೆಗೆ ಅನ್ವಯಿಸುವುದು 30 ದಿನದ ಲೆಕ್ಕ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮಲ್ಲೇಶ್ವರದ ಅರಣ್ಯ ಭವನಕ್ಕೆ ನೇರವಾಗಿ ಹೋಗಿ. ಅರ್ಜಿಯ ಎರಡು ಪ್ರತಿ ಇರಲಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಕಿನ ಮೊಹರು ಹಾಕಿಸಿಕೊಳ್ಳಿ. ಮುಂದೆ ಹೈಕೋರ್ಟಿನಲ್ಲಿ ರಿಟ್ ಹಾಕುವ ಪ್ರಸಂಗ ಬಂದರೆ, ಮೊದಲು ಇಲಾಖೆಯನ್ನು ಕೇಳಿದಿರಾ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಆ ಮೊಹರೇ ಉತ್ತರ. ಇಮೇಲ್ ಕಳಿಸಿ ಸುಮ್ಮನಾದವರು ಎಡವುವುದು ಇಲ್ಲಿಯೇ.

ಇನ್ನು ಯಾವ ಪ್ರಾಣಿ ಎಂಬ ಪ್ರಶ್ನೆ. ಹೆಚ್ಚಿನ ತಪ್ಪು ಆಗುವುದು ಇದರಲ್ಲಿ. ಆದೇಶದಲ್ಲಿ ‘ಸದರಿ ಚಿರತೆ’ ಎಂದಷ್ಟೇ ಬರೆದಿರುತ್ತದೆ, ಗುರುತು ಇರುವುದಿಲ್ಲ. ಚಿರತೆಯ ಮೈಮೇಲಿನ ಚುಕ್ಕೆ ಹೂಗಳು ನಮ್ಮ ಬೆರಳಚ್ಚಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಎಡಮಗ್ಗುಲಿನದು ಬಲಮಗ್ಗುಲಿಗೂ ಹೊಂದುವುದಿಲ್ಲ. ಹಾಗಾಗಿ ಹಾದಿಯ ಎರಡೂ ಬದಿ ಎದುರುಬದುರಾಗಿ, ಏನಾದರೂ ಅಲುಗಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಬೇಕು. ಮೊಣಕಾಲೆತ್ತರಕ್ಕೆ ಕಟ್ಟಬೇಕು, ಒಂದರ ಫ್ಲಾಷ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆ ಇಡಬೇಕು. ಎದುರಿನ ಹುಲ್ಲು ಸವರದಿದ್ದರೆ ಗಾಳಿಗೆ ಹುಲ್ಲು ಆಡಿದಾಗಲೆಲ್ಲ ಫೋಟೊ ತೆಗೆದು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ. ಗಡಿಯಾರ ಸರಿಯಿದೆಯೇ ಎಂದು ನೋಡಲು ಮರೆಯಬೇಡಿ. ತಾರೀಕು ತಪ್ಪಿದ ಫೋಟೊ ಅದೆಷ್ಟೇ ಸ್ಪಷ್ಟವಾಗಿದ್ದರೂ ಅರ್ಜಿಗೆ ಲಗತ್ತಿಸಲು ಬರುವುದಿಲ್ಲ.

ಹೆಜ್ಜೆ ಗುರುತನ್ನೊಂದೇ ನಂಬಬೇಡಿ. ಸಡಿಲ ಧೂಳಿನಲ್ಲಿ ಹೆಜ್ಜೆ ಹರಡಿ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾವು ಸಂಭವಿಸಿದ್ದರೆ ಗಾಯದ ಮೇಲಿನ ಜೊಲ್ಲಿನ ಮಾದರಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಶವಪರೀಕ್ಷೆಗೆ ಮೈ ತೊಳೆಯುವ ಮೊದಲೇ ಅದನ್ನು ತೆಗೆಯಬೇಕು, ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವರಿ, ಬೂಷ್ಟು ಹಿಡಿದು, ಡಿಎನ್‌ಎ ಹಾಳಾಗುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವನ್ಯಜೀವಿಗಳ ಡಿಎನ್‌ಎ ಪರೀಕ್ಷೆ ನಡೆಯುತ್ತದೆ. ‘ಮಾದರಿ ತೆಗೆದಿದ್ದೀರಾ, ಎಲ್ಲಿಗೆ ಕಳಿಸಿದ್ದೀರಿ, ಮಹಜರಿನಲ್ಲಿ ನಮೂದಾಗಿದೆಯೇ’ ಎಂಬ ಮೂರು ಪ್ರಶ್ನೆ ಅರ್ಜಿಯಲ್ಲಿ ಇರಲೇಬೇಕು.

ಆಮೇಲೆ ಬೋನು. ಎಷ್ಟು ಬೋನು, ಯಾವ ತಾರೀಕಿನಿಂದ, ಎಲ್ಲೆಲ್ಲಿ, ಬಾಗಿಲು ಬೀಳುವುದನ್ನು ಪರೀಕ್ಷಿಸಿದವರು ಯಾರು ಎಂದು ಕೇಳಿ. ಒಮ್ಮೆ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ತಪ್ಪಿಸಿಕೊಂಡ ಚಿರತೆ ಮತ್ತೆ ಬೋನಿನ ಬಳಿ ಸುಲಭಕ್ಕೆ ಸುಳಿಯುವುದಿಲ್ಲ. ಚಿರತೆಯನ್ನು ಸೆಳೆಯಲು ಒಳಗೆ ಬಿಟ್ಟ ಮೇಕೆಗೆ ಪ್ರತ್ಯೇಕ ಕಂಬಿ ಗೂಡು, ನೀರು, ಮೇವು ಇರಬೇಕು. ಚಿರತೆ ಸಿಕ್ಕಿದ ಕೂಡಲೇ ಬೋನಿಗೆ ತಾಡಪಾಲು ಹೊದಿಸಬೇಕು. ಜನ ಮೊಬೈಲ್ ಹಿಡಿದು ಮುತ್ತಿದರೆ ಅದು ಕಂಬಿಗೆ ಹಣೆ ಚಚ್ಚಿಕೊಳ್ಳುತ್ತದೆ, ಕೋರೆಹಲ್ಲು ಮುರಿದುಕೊಳ್ಳುತ್ತದೆ. ಹಲ್ಲು ಮುರಿದ ಚಿರತೆಯನ್ನು ಕಾಡಿಗೆ ಬಿಡುವುದು ಕಷ್ಟ. ಆ ನಾಲ್ಕು ನಿಮಿಷದ ವಿಡಿಯೊ ಅದಕ್ಕೆ ಜೀವಾವಧಿ ಶಿಕ್ಷೆಯಾಗುತ್ತದೆ.

ಅರಿವಳಿಕೆ ಮದ್ದು ಸಿನಿಮಾದಲ್ಲಿ ಕಾಣುವಂತೆ ಹೊಡೆದ ಕೂಡಲೇ ಕೆಲಸ ಮಾಡುವುದಿಲ್ಲ. ತಲೆಗೇರಲು ಹತ್ತು ಹದಿನೈದು ನಿಮಿಷ ಬೇಕು, ಗಾಬರಿಗೊಂಡ ಪ್ರಾಣಿಗೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಅದು ಓಡುತ್ತದೆ ಅಥವಾ ಮೈಮೇಲೆ ಬೀಳುತ್ತದೆ. 2023ರ ನವೆಂಬರ್ 1ರಂದು ಬೆಂಗಳೂರಿನ ಕೂಡ್ಲು ಗೇಟ್ ಬಳಿ ಪಾಳು ಕಟ್ಟಡದಲ್ಲಿ ಅಡಗಿದ್ದ ಚಿರತೆ ಕಾರ್ಯಾಚರಣೆಯಲ್ಲಿದ್ದ ಪಶುವೈದ್ಯರ ಮೇಲೆ ಎರಗಿತು, ಕೊನೆಗೆ ಗುಂಡೇಟಿಗೆ ಸತ್ತಿತು. ವೈದ್ಯರೂ ಸಿಬ್ಬಂದಿಯೂ ಜೀವ ಪಣಕ್ಕಿಟ್ಟು ಮಾಡುವ ಕೆಲಸ ಇದು. ಅವರನ್ನು ದೂರುವ ಭಾಷೆ ಅರ್ಜಿಯಲ್ಲಿ ಬೇಡ. ಬದಲಿಗೆ ಅವರಿಗೆ ಬೇಕಾದ್ದನ್ನು ಕೇಳಿ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163ರಡಿ ನಿಷೇಧಾಜ್ಞೆ (ಹಳೆಯ 144), ಸಾಕಷ್ಟು ಪೊಲೀಸರು, ರಕ್ಷಣಾ ಕವಚ, ಬಲೆ.

ಸೆರೆ ಹಿಡಿಯಲು ಆಗುವುದೇ ಇಲ್ಲ ಎನ್ನುವವರಿಗೆ ತೋರಿಸಲು ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2019ರ ಅಕ್ಟೋಬರ್‌ನಲ್ಲಿ ಬಂಡೀಪುರದ ಅಂಚಿನ ಚೌಡಹಳ್ಳಿ, ಹುಂಡೀಪುರದ ಕಡೆ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಸಾಕಾನೆಗಳು ಮತ್ತು ಹೆಜ್ಜೆ ಜಾಡು ಬಲ್ಲ ಸೋಲಿಗರ ನೆರವಿನಿಂದ ಜೀವಂತ ಹಿಡಿದರು. ಇದಕ್ಕೆ ವಿರುದ್ಧದ ಉದಾಹರಣೆ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯದು. 2018ರ ನವೆಂಬರ್ 2ರ ರಾತ್ರಿ ಅಲ್ಲಿ ಗುಂಡಿಗೆ ಬಲಿಯಾದ ಹೆಣ್ಣು ಹುಲಿಗೆ ಎರಡು ಮರಿಗಳಿದ್ದವು. ಆದ್ದರಿಂದ ಹೆಣ್ಣೋ ಗಂಡೋ, ಮರಿ ಇದೆಯೇ ಎಂದೂ ಕೇಳಿ.

ಕಾಡುಹಂದಿಯ ದಾರಿ ಬೇರೆ. ಅದು ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾನಿಯ ಕಾರಣಕ್ಕೂ ಅನುಮತಿ ಕೊಡಬಹುದು. ಸೆಕ್ಷನ್ 62ರಡಿ ಕೇಂದ್ರ ಸರ್ಕಾರ ಇಂತಿಂಥ ಪ್ರದೇಶಕ್ಕೆ, ಇಷ್ಟು ಅವಧಿಗೆ ಎಂದು ಗೊತ್ತುಮಾಡಿ ಅದನ್ನು ಉಪದ್ರವಕಾರಿ (ವರ್ಮಿನ್) ಎಂದೂ ಘೋಷಿಸಬಹುದು. ಅಲ್ಲಿ ಪ್ರದೇಶ ಮತ್ತು ಅವಧಿಯನ್ನು ಪ್ರಶ್ನಿಸಬೇಕು.

ಅರ್ಜಿಯ ಉಳಿದರ್ಧ ಊರಿನವರದ್ದು. ಮನೆಯ ಜೀವ ಕಳೆದುಕೊಂಡವರ ಹೊಟ್ಟೆಯುರಿ ನಿಜವಾದದ್ದು, ಅದನ್ನು ಬಿಟ್ಟು ಬರೆದ ಅರ್ಜಿಗೆ ಬೆಲೆಯಿಲ್ಲ. ಪರಿಹಾರ ಕೂಡಲೇ ಕೈಸೇರಲಿ, ರಾತ್ರಿ ನೀರು ಹಾಯಿಸಲು ಹೋಗದಂತೆ ಹಗಲು ಮೂರು ಫೇಸ್ ಕರೆಂಟ್ ಸಿಗಲಿ, ಕೊಟ್ಟಿಗೆಗೆ ಬಾಗಿಲು ಬರಲಿ, ಶಾಲೆಗೆ ಹೋಗುವ ಮಕ್ಕಳಿಗೆ ವಾಹನ ಸಿಗಲಿ ಎಂದು ಒಂದೊಂದಾಗಿ ಬರೆಯಿರಿ. ಬನ್ನೇರುಘಟ್ಟ, ತುರಹಳ್ಳಿ, ಕಗ್ಗಲೀಪುರದ ಸುತ್ತ ರಸ್ತೆ ಬದಿಯ ಕಸ ಎತ್ತಿಸುವುದನ್ನೂ ಸೇರಿಸಿ. ಕೋಳಿ ಅಂಗಡಿಯ ತ್ಯಾಜ್ಯಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಇದ್ದ ಚಿರತೆಯನ್ನು ತೆಗೆದರೂ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ.

ಕಡೆಯದಾಗಿ ಆದೇಶದ ಅವಧಿ. ಕೊನೆಯ ತಾರೀಕು ಬರೆಯದ ಆದೇಶ, ಒಂದು ಚಿರತೆ ಬೋನಿಗೆ ಬಿದ್ದ ಮೇಲೂ ಕಡತದಲ್ಲಿ ಜೀವಂತವಾಗಿಯೇ ಇರುತ್ತದೆ. ಬೋನಿಗೆ ಬಿದ್ದದ್ದರ ಚುಕ್ಕೆಗಳನ್ನು ಕ್ಯಾಮೆರಾ ಫೋಟೊದೊಂದಿಗೆ ತಾಳೆ ನೋಡಿದ ವರದಿ ಕೇಳಿ, ಆದೇಶ ಹಿಂಪಡೆದದ್ದನ್ನು ಲಿಖಿತವಾಗಿ ಪಡೆಯಿರಿ. ಆ ಕಾಗದ ಕೈಗೆ ಬರುವವರೆಗೆ ವಾರಕ್ಕೊಮ್ಮೆ ಟಪಾಲು ಶಾಖೆಗೆ ಹೋಗುತ್ತಿರಬೇಕು.