ಟ್ರೇನ್ ಬೇಕು, ಮನೆ ಬೇಡ ಅಂದ್ರೆ ಹೇಗೆ?

ಅಮೆರಿಕದ ಬಾಸ್ಟನ್ ಪಕ್ಕದ ಮಿಲ್ಟನ್‌ನಲ್ಲಿ 1940ರ ದಶಕದ ಆರೆಂಜ್ ಬಣ್ಣದ ಟ್ರಾಲಿ (ಟ್ರಾಮ್) ಇನ್ನೂ ಓಡ್ತಿದೆ, ಹತ್ತಿದ್ರೆ ಆಶ್ಮಂಟ್ ಸ್ಟೇಷನ್, ಅಲ್ಲಿಂದ ರೆಡ್ ಲೈನ್ ಮೆಟ್ರೋ ಹಿಡಿದ್ರೆ ಸೀದಾ ಸಿಟಿ. ಇಷ್ಟು ಅನುಕೂಲ ಇದ್ರೂ ಊರಿನ ಬಹುಪಾಲು ಜಾಗದಲ್ಲಿ ದೊಡ್ಡ ಲಾನ್, ಮಧ್ಯೆ ಒಂದೊಂದೇ ಮನೆ. ಈ ಟ್ರಾಲಿ ಓಡ್ಸೋಕೆ ರಾಜ್ಯದ ತೆರಿಗೆ ದುಡ್ಡೂ ಹೋಗುತ್ತೆ, ಅಂದ್ರೆ ಬಾಡಿಗೆ ಕಟ್ಟೋಕಾಗ್ದೆ ಎಲ್ಲೋ ದೂರ ಇದ್ದು ದಿನಾ ಕಾರಲ್ಲಿ ಬಂದು ಹೋಗೋ ನರ್ಸು, ಹೋಟೆಲ್ ಕೆಲಸದವರು ಕಟ್ಟಿದ್ದೂ ಅದ್ರಲ್ಲಿದೆ.

ಅದಕ್ಕೇ ಈ ಮ್ಯಾಸಚೂಸೆಟ್ಸ್ ರಾಜ್ಯ 2021ರಲ್ಲಿ ತಂದ ಕಾನೂನು ನಂಗೆ ನ್ಯಾಯ ಅನ್ಸೋದು. ರೈಲು, ಬಸ್ ಸೌಲಭ್ಯದ ವ್ಯಾಪ್ತಿಗೆ ಬರೋ 177 ಊರುಗಳು ಎಕರೆಗೆ ಕನಿಷ್ಠ 15 ಮನೆ ಲೆಕ್ಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ತಮ್ಮ ನಿಯಮದಲ್ಲಿ ಅವಕಾಶ ಇರೋ ಜಾಗ ಗುರುತಿಸ್ಬೇಕು, ಇಲ್ಲಾಂದ್ರೆ ರಾಜ್ಯದ ಕೆಲವು ಗ್ರಾಂಟ್ ಕಟ್. ಮಿಲ್ಟನ್ ಜನ 2024ರ ಫೆಬ್ರವರೀಲಿ ವೋಟ್ ಹಾಕಿ ಈ ಕಾನೂನಿಗೆ ತಕ್ಕ ಹಾಗೆ ತಮ್ಮೂರಿಗೆ ಮಾಡಿದ್ದ ಪ್ಲಾನ್ ಬೇಡ ಅಂದ್ರು, ವಿಷಯ ಕೋರ್ಟಿಗೆ ಹೋಯ್ತು, 2025ರ ಜನವರೀಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನು ಸರಿಯಾಗೇ ಇದೆ, ಅದನ್ನ ಜಾರಿ ಮಾಡೋಕೆ ರಾಜ್ಯ ಕೊಟ್ಟ ಮಾರ್ಗಸೂಚಿ ಮಾತ್ರ ಕ್ರಮವಾಗಿ ಹೊರಡಿಸಿಲ್ಲ ಅಂತು.

ಆದ್ರೂ ಉಳ್ಳವರ ಊರಿಗೆ ಒಂದೆರಡು ಗ್ರಾಂಟ್ ಹೋದ್ರೆ ಏನು ನಷ್ಟ ಹೇಳಿ? ರಸ್ತೆ, ರೈಲಿಗೆ ಕೊಡೋ ದೊಡ್ಡ ದುಡ್ಡನ್ನೇ ಝೋನಿಂಗ್ (ಎಲ್ಲಿ ಏನು ಕಟ್ಬಹುದು ಅನ್ನೋ ನಿಯಮ) ಜೊತೆ ಗಂಟು ಹಾಕ್ಬೇಕು, ಆಗ್ಲೇ ಊರಿನ ನಿರ್ಧಾರ ಆಗೋ ಟೌನ್ ಮೀಟಿಂಗ್‌ನಲ್ಲಿ ಈ ಮಾತು ಗಂಭೀರವಾಗಿ ನಡೆಯೋದು.