ರೆಫರಿ ಏಕೆ ಸುಮ್ಮನೆ ನಿಂತು ನೋಡುತ್ತಾನೆ?

ಬಳ್ಳಾರಿಯಲ್ಲಿ ಮಂಜುಗಡ್ಡೆ ಕಾಣಸಿಗುವುದು ಸೋಡಾ ಅಂಗಡಿಯಲ್ಲಿ ಮತ್ತು ಮೀನು ಮಾರುವಲ್ಲಿ. ಹಾಗಿರುವಾಗ ನಾನು ಐಸ್ ಹಾಕಿಯ ಹುಚ್ಚು ಹತ್ತಿಸಿಕೊಂಡದ್ದು ಕೆನಡಾದ ಕ್ಯಾಲ್ಗರಿಯಲ್ಲಿರುವ ತಮ್ಮನ ಮನೆಯಲ್ಲಿ ಒಂದು ಚಳಿಗಾಲ ಕಳೆದ ಮೇಲೆ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಭಾಗದ ಸಂಜೆಯ ಪಂದ್ಯಗಳು ನಮಗೆ ಬೆಳಗಿನ ಐದೂವರೆಗೆ ಶುರುವಾಗುವುದರಿಂದ, ಕಾರ್ಖಾನೆಯ ಶಿಫ್ಟ್ ಬಸ್ಸು ಬರುವುದರೊಳಗೆ ಚಹಾ ಕುಡಿಯುತ್ತ ಒಂದಿಷ್ಟು ನೋಡಿಕೊಳ್ಳುತ್ತೇನೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ನನ್ನ ಫೋನಿಗೆ ಇಣುಕಿದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಏನ್ ಸಾರ್, ಇಬ್ರು ಹಿಂಗ ಗುದ್ದಾಡಾಕತ್ತಾರ, ರೆಫ್ರಿ ಸುಮ್ನ ನಿಂತು ನೋಡ್ತಾನ. ನೀವು ಸೇಫ್ಟಿ ಆಫೀಸರ್ ಆಗಿ ಇದನ್ನ ಹೆಂಗ ನೋಡ್ತೀರಿ?"

ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸುಲಭ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಹೊಡೆದಾಟಕ್ಕೆ ಅನುಮತಿ ಇದೆ ಎನ್ನುವುದು ತಪ್ಪು. ಅದಕ್ಕೆ ಶಿಕ್ಷೆ ಇದೆ, ಆದರೆ ಆ ಶಿಕ್ಷೆ ಐದು ನಿಮಿಷ ಹೊರಗೆ ಕೂರುವುದಷ್ಟೇ. ಜಗಳ ತೆಗೆದವನೆಂದು ತೀರ್ಮಾನವಾದವನಿಗೆ ಇನ್ನಷ್ಟು ನಿಮಿಷ ಹೆಚ್ಚುತ್ತದೆ. ಇಬ್ಬರೂ ಒಟ್ಟಿಗೆ ಹೊರಹೋದರೆ ಯಾವ ತಂಡಕ್ಕೂ ನಷ್ಟವಿಲ್ಲ. ಒಲಿಂಪಿಕ್ಸ್‌ನಲ್ಲಿಯಾದರೆ ಗುದ್ದಾಡಿದವನನ್ನು ಪಂದ್ಯದಿಂದಲೇ ಹೊರಹಾಕುತ್ತಾರೆ, ಅಲ್ಲಿ ಆಟದ ರುಚಿ ಕಡಿಮೆಯಾಯಿತೆಂದು ಯಾರೂ ಎದ್ದು ಹೋದದ್ದನ್ನು ನಾನು ಕಂಡಿಲ್ಲ.

ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. ಅಲ್ಲಿನ ಹಳೆಯ ಅಭಿಮಾನಿಗಳ ವಾದವನ್ನೇ ಅವನೂ ಹೂಡುತ್ತಾನೆ: ತಂಡದಲ್ಲಿ ಒಬ್ಬ ಕಟ್ಟುಮಸ್ತಾದ ಹೊಡೆದಾಟಗಾರನಿದ್ದರೆ ಎದುರಾಳಿಗಳು ಹೆದರಿ ನಮ್ಮ ಒಳ್ಳೆಯ ಆಟಗಾರನ ತಂಟೆಗೆ ಬರುವುದಿಲ್ಲ, ಅವನನ್ನು ತೆಗೆದರೆ ಕದ್ದು ಹೊಡೆಯುವುದು ಹೆಚ್ಚಾಗುತ್ತದೆ. ಕೇಳಲು ಸರಿಯೆನ್ನಿಸುವ ಮಾತು. ಆದರೆ 2011ರ ಜನವರಿಯ ಮೊದಲ ವಾರದಲ್ಲಿ, ಆ ಕಾಲದ ಅತಿ ದೊಡ್ಡ ಆಟಗಾರನೆನಿಸಿದ್ದ ಸಿಡ್ನಿ ಕ್ರಾಸ್ಬಿಗೆ ನಾಲ್ಕು ದಿನಗಳ ಅಂತರದಲ್ಲಿ ಎರಡು ಬಾರಿ ತಲೆಗೆ ಪೆಟ್ಟು ಬಿದ್ದು, ಅವನು ಮತ್ತೆ ಆಡಲು ನವೆಂಬರ್ ಬರಬೇಕಾಯಿತು. ಆಗ ಹೊಡೆದಾಟಗಾರರ ಭಯ ಎಲ್ಲಿ ಹೋಗಿತ್ತು? ಅದೇ ವರ್ಷದ ಮೇ ತಿಂಗಳಲ್ಲಿ, ಗುದ್ದಾಟವನ್ನೇ ಉದ್ಯೋಗ ಮಾಡಿಕೊಂಡಿದ್ದ ಡೆರೆಕ್ ಬೂಗಾರ್ಡ್ ನೋವಿನ ಮಾತ್ರೆ ಮತ್ತು ಮದ್ಯ ಒಟ್ಟಿಗೆ ಸೇರಿದ್ದರಿಂದ ತನ್ನ 28ನೇ ವಯಸ್ಸಿನಲ್ಲಿ ತೀರಿಕೊಂಡನು. ಆಮೇಲೆ ಬಾಸ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಪದೇಪದೇ ಪೆಟ್ಟು ತಿಂದ ಮಿದುಳಿನಲ್ಲಿ ಕಾಣುವ ಸಿಟಿಇ ಎಂಬ ಕ್ಷೀಣತೆ ಆ ಎಳೆಯ ವಯಸ್ಸಿಗೇ ಅವನಲ್ಲಿ ಬೆಳೆದಿತ್ತು. ಕಾಯುವವನ ತಲೆಯೂ ತಲೆಯೇ ಎಂದು ನಾನು ಹೇಳಿದರೆ ತಮ್ಮ ಮಾತು ಬದಲಿಸುತ್ತಾನೆ.

ಇನ್ನು ಸೇಫ್ಟಿ ಆಫೀಸರ್ ಆಗಿ ಹೇಗೆ ನೋಡುತ್ತೇನೆ ಎಂಬ ಮಾತು. ಹೊಡೆದಾಟದ ಬಗ್ಗೆ ಅಭಿಮಾನಿಗಳು ಇಷ್ಟೊಂದು ಬಾಯಿ ನೋಯಿಸಿಕೊಳ್ಳುವುದರಿಂದ ನಿಜವಾದ ಕೆಲಸ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ತಕರಾರು. ಅದಿರು ಸಾಗಿಸುವ ಬೆಲ್ಟಿನ ರಾಟೆಯ ಬಳಿ "ಕೈ ಹಾಕಬೇಡಿ" ಎಂದು ಬೋರ್ಡು ಬರೆಸಿ, ಹಾಕಿದವನಿಗೆ ಮೆಮೊ ಕೊಡುವುದು ಒಂದು ದಾರಿ. ಕೈಯೇ ಹೋಗದಂತೆ ರಾಟೆಗೆ ಜಾಲರಿ ಕೂಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಯಾರ ತಪ್ಪು ಎಂಬ ಚರ್ಚೆ ಮುಗಿಯುವುದೇ ಇಲ್ಲ, ಎರಡನೆಯದರಲ್ಲಿ ಅದು ಹುಟ್ಟುವುದೇ ಇಲ್ಲ.

2011ರ ಮಾರ್ಚ್ 8ರಂದು ಮಾಂಟ್ರಿಯಲ್‌ನಲ್ಲಿ ಜಡೆನೋ ಚಾರಾ ಎಂಬ ಆರಡಿ ಒಂಬತ್ತಂಗುಲದ ಆಳು ಮ್ಯಾಕ್ಸ್ ಪಾಚಿಯೊರೆಟ್ಟಿಯನ್ನು ಅಂಚಿನ ಗೋಡೆಗೆ ಒತ್ತಿದಾಗ, ಎರಡೂ ತಂಡಗಳು ಕೂರುವ ಬೆಂಚುಗಳ ನಡುವೆ ಗಾಜು ಕೊನೆಗೊಳ್ಳುವ ಕಡೆಯ ಕಂಬಕ್ಕೆ ಅವನ ತಲೆ ಬಡಿದು ಕತ್ತಿನ ಎಲುಬು ಮುರಿಯಿತು. ಚಾರಾ ಬೇಕೆಂದೇ ಮಾಡಿದನೋ ಇಲ್ಲವೋ ಎಂದು ಊರಿಗೆ ಊರೇ ಜಗಳವಾಡಿತು. ಪೊಲೀಸ್ ತನಿಖೆಯವರೆಗೂ ಹೋಯಿತು. ಲೀಗ್ ಅವನನ್ನು ಒಂದು ಪಂದ್ಯಕ್ಕೂ ಅಮಾನತು ಮಾಡಲಿಲ್ಲ. ಆದರೆ ಮುಂದಿನ ಋತುವಿನಲ್ಲಿ ಆ ಜಾಗದಲ್ಲಿ ಬಾಗಿದ ಗಾಜು ಬಂತು: ಬಡಿದ ದೇಹ ನಿಲ್ಲದೆ ಜಾರಿಹೋಗುವಂಥದ್ದು. ನನಗೆ ಆ ಗಾಜಿನ ಮೇಲಿರುವಷ್ಟು ಗೌರವ ಬೇರಾವ ತಿದ್ದುಪಡಿಯ ಮೇಲೂ ಇಲ್ಲ.

ಐಸಿಂಗ್ ನಿಯಮವೂ ಇದೇ ಜಾತಿಯದು. ತನ್ನ ಅರ್ಧದಿಂದ ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆಯನ್ನು, ಅಂದರೆ ಪಕ್ ಅನ್ನು, ಯಾರಿಗೂ ತಾಗದಂತೆ ಎದುರಾಳಿಯ ಗೋಲಿನ ಗೆರೆಯಾಚೆ ಅಟ್ಟಿದರೆ ಆಟ ನಿಲ್ಲುತ್ತದೆ. ಮೊದಲು ಎದುರಾಳಿಯೊಬ್ಬ ಅದನ್ನು ಮುಟ್ಟಿದ ಮೇಲೆಯೇ ನಿಲ್ಲುತ್ತಿತ್ತು, ಹೀಗಾಗಿ ತಾನೇ ಮೊದಲು ಮುಟ್ಟಬೇಕೆಂದು ಎರಡೂ ತಂಡಗಳ ಒಬ್ಬೊಬ್ಬರು ಪೂರ್ಣ ವೇಗದಲ್ಲಿ ಹಿಂದಿನ ಗೋಡೆಯತ್ತ ಧಾವಿಸುತ್ತಿದ್ದರು. 2008ರಲ್ಲಿ ಇಂಥದೇ ಓಟದಲ್ಲಿ ಕರ್ಟಿಸ್ ಫಾಸ್ಟರ್‌ನ ತೊಡೆಯೆಲುಬು ಮುರಿಯಿತು. 2013ರ ಋತುವಿನಿಂದ, ಗೋಡೆಗಿಂತ ಬಹಳ ಮೊದಲೇ ಮಂಜಿನ ಮೇಲಿರುವ ಚುಕ್ಕೆಗಳ ಬಳಿ ಯಾರು ಮುಂದಿದ್ದಾರೆಂದು ನೋಡಿ ಸೀಟಿ ಊದುತ್ತಾರೆ. ಇದಕ್ಕೂ ತಮ್ಮ ಗೊಣಗಿದ್ದ, ಈಗ ಮರೆತಿದ್ದಾನೆ.

ತಲೆಗೆ ಹೊಡೆಯುವುದರ ವಿರುದ್ಧ 2010ರಲ್ಲಿ ಬಂದ 48ನೇ ನಿಯಮ ಮಾತ್ರ ಇನ್ನೂ ಬೋರ್ಡು ಮತ್ತು ಮೆಮೊ ಜಾತಿಯದು. ಪೆಟ್ಟು ಮುಖ್ಯವಾಗಿ ತಲೆಗೇ ಬಿತ್ತೇ, ಅದನ್ನು ತಪ್ಪಿಸಬಹುದಿತ್ತೇ ಎಂದು ಪ್ರತಿ ಬಾರಿಯೂ ಅಳೆದು ಸುರಿಯಬೇಕು. ಜೊತೆಗೆ ಈ ಆಟದಲ್ಲಿ ಪೆಟ್ಟನ್ನು ಮುಚ್ಚಿಡುವುದು ಸುಲಭ, ಏಕೆಂದರೆ ಒಬ್ಬೊಬ್ಬರೂ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತಾರೆ. ತಲೆ ತಿರುಗುತ್ತಿದ್ದವನು ಸುಧಾರಿಸಿಕೊಂಡಂತೆ ಕಂಡು ಮತ್ತೆ ಇಳಿಯುತ್ತಾನೆ. ಆದ್ದರಿಂದಲೇ 2016ರಿಂದ ದೂರದಲ್ಲಿ ಟಿವಿ ಮುಂದೆ ಕುಳಿತ ವೀಕ್ಷಕರು, ತಂಡ ಬೇಡವೆಂದರೂ ಆಟಗಾರನನ್ನು ಪರೀಕ್ಷೆಗೆ ಹೊರಕಳಿಸಬಹುದಾಗಿದೆ. ಪಂದ್ಯದ ಮಧ್ಯೆ ಮುಖ್ಯ ಆಟಗಾರನನ್ನು ಎಳೆದೊಯ್ದರೆಂದು ಅಭಿಮಾನಿಗಳು ಕೂಗಾಡುತ್ತಾರೆ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾನ ಹೆಲ್ಮೆಟ್ಟಿಗೆ ಚೆಂಡು ಬಡಿದು, ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ಕಿತ್ತಾಗ ಆಸ್ಟ್ರೇಲಿಯಾದವರು ಕೂಗಾಡಿದ್ದು ನಮಗೆ ನೆನಪಿದೆ. ನಾಲ್ಕು ಸಲ ದುರುಪಯೋಗವಾದರೂ ಆಗಲಿ ಎನ್ನುವವನು ನಾನು.

ಹಾಗೆನ್ನಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಸಂಡೂರಿನ ಬಳಿಯ ಹಳ್ಳಿಯೊಂದರ ಜಾತ್ರೆಯ ಕಬಡ್ಡಿ ಪಂದ್ಯದಲ್ಲಿ, ರೇಡ್ ಹೋದ ಹುಡುಗನೊಬ್ಬನ ಹಣೆ ಎದುರಾಳಿಯ ಮೊಣಕಾಲಿಗೆ ಬಡಿಯಿತು. ಅವನು ಎದ್ದು, ಅಂಗಿಯ ಮೇಲಿನ ಕೆಂಧೂಳು ಕೊಡವಿಕೊಂಡು, "ಮ್ಯಾಚ್ ಶುರುವಾತೇನು?" ಎಂದು ಕೇಳಿದ. ಆಗ ದ್ವಿತೀಯಾರ್ಧ ನಡೆಯುತ್ತಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಖಕ್ಕೆ ನೀರು ಹಾಕಿ ಅವನನ್ನೇ ಮತ್ತೆ ರೇಡ್‌ಗೆ ಕಳಿಸಿದರು. ಅವನಿಗೆ ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನವಲ್ಲ.

ಹೊಡೆದಾಡಿದವನನ್ನು ಪಂದ್ಯದಿಂದಲೇ ಹೊರಹಾಕಬೇಕು ಎಂಬುದು ನನ್ನ ನಿಲುವು. ಕ್ವಿಬೆಕ್‌ನ ಕಿರಿಯರ ಲೀಗ್ 2023ರಿಂದ ಹಾಗೆಯೇ ಮಾಡುತ್ತಿದೆ. ಆದರೆ ಎನ್‌ಎಚ್‌ಎಲ್‌ನಲ್ಲಿ ನನಗೆ ಹೆಚ್ಚು ಸಿಟ್ಟು ಬರುವುದು ಹೊಡೆದಾಟಕ್ಕಲ್ಲ, ಹಳಬರಿಗೆ ಕೊಡುವ ವಿನಾಯಿತಿಗೆ. ಬಿಲ್ ಮಾಸ್ಟರ್‌ಟನ್ 1968ರ ಜನವರಿಯಲ್ಲಿ ತಲೆ ಮಂಜಿಗೆ ಬಡಿದು ಸತ್ತರೂ ಹೆಲ್ಮೆಟ್ ಕಡ್ಡಾಯವಾದದ್ದು 1979ರಲ್ಲಿ, ಅದೂ ಹೊಸದಾಗಿ ಸೇರುವವರಿಗೆ ಮಾತ್ರ. ಬರಿತಲೆಯಲ್ಲಿ ಆಡುತ್ತಿದ್ದ ಕೊನೆಯವನಾದ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತನಾದದ್ದು 1997ರಲ್ಲಿ. ನಮ್ಮ ಗೇಟಿನಲ್ಲಿಯೂ "ಇಪ್ಪತ್ತು ವರ್ಷದಿಂದ ಟೋಪಿ ಇಲ್ದ ಕೆಲ್ಸ ಮಾಡೀನಿ" ಎನ್ನುವ ಹಿರಿಯರಿದ್ದರು, ಅವರನ್ನು ಒಳಗೆ ಬಿಡಲಿಲ್ಲ, ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಂ ಜಾನ್ಸನ್‌ನ ಕತ್ತಿಗೆ ಎದುರಾಳಿಯ ಸ್ಕೇಟಿನ ಅಲಗು ತಗುಲಿ ಅವನು ಸತ್ತ ಬಳಿಕ, ಎನ್‌ಎಚ್‌ಎಲ್ ಕೊನೆಗೂ ಕತ್ತಿನ ರಕ್ಷಾಕವಚಕ್ಕೆ ಒಪ್ಪಿದೆ. ಅದು 2026-27ರ ಋತುವಿನಿಂದ, ಮತ್ತೆ ಹೊಸಬರಿಗೆ ಮಾತ್ರ. ಹೆಲ್ಮೆಟ್ಟಿಗೆ ಹಿಡಿದ ಹದಿನೆಂಟು ವರ್ಷವೇ ಇದಕ್ಕೂ ಹಿಡಿದರೆ 2044 ಆಗುತ್ತದೆ ಎಂದು ತಮ್ಮನಿಗೆ ಲೆಕ್ಕ ಹಾಕಿ ಕಳಿಸಿದೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ.