ಮಧ್ಯದ ಪ್ಲಗ್ಗಿಗೆ ಮೂರು ದಿನ

ಕುಮಟಾದಿಂದ ವಾಪಸ್ ಬರುತ್ತ ದೇವಿಮನೆ ಘಾಟಿ ಹತ್ತುವಾಗ ನಮ್ಮ ಮಾರುತಿ ಓಮ್ನಿ ವ್ಯಾನ್ ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಕಾಲ ಬುಡದಲ್ಲಿ ಎರಡು ಚೀಲ ಸಾಮಾನು. ಹೇಗೋ ಶಿರಸಿ ಮುಟ್ಟಿದೆವು.

ಓಮ್ನಿ ಇಟ್ಟುಕೊಂಡವರಿಗೆ ಗೊತ್ತು, ಮುಂದಿನ ಸೀಟು ಎತ್ತಿದರೆ ಎಂಜಿನ್ ಅಲ್ಲೇ ಇದೆ. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಕಿಡಿ ಕೊಡುವ ಮೂರೇ ಪ್ಲಗ್. ಮರುದಿನ ಎಂಜಿನ್ ನಿಲ್ಲಿಸಿ ಒಂದೊಂದೇ ಪ್ಲಗ್ಗಿನ ವೈರ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಸದ್ದು ಕೇಳಿದೆ. ಆಚೀಚಿನ ಎರಡರಲ್ಲಿ ಯಾವುದನ್ನು ಬಿಚ್ಚಿದರೂ ಎಂಜಿನ್ ಇನ್ನಷ್ಟು ತತ್ತರಿಸುತ್ತಿತ್ತು. ಮಧ್ಯದ್ದು ಬಿಚ್ಚಿದಾಗ ಸದ್ದಿನಲ್ಲಿ ಏನೂ ಬದಲಾಗಲಿಲ್ಲ. ಕೆಲಸ ಮಾಡದೆ ಕುಳಿತದ್ದು ಅದೇ.

ಗಾಡಿ ಸೆಕೆಂಡ್ ಹ್ಯಾಂಡ್ ಕೊಂಡು ಆರು ವರ್ಷ. ಅಷ್ಟು ವರ್ಷವೂ ಆ ಪ್ಲಗ್ಗುಗಳನ್ನು ನಾನು ಬಿಚ್ಚಿರಲಿಲ್ಲ. ಇದು ನನ್ನ ತಪ್ಪು. ಪ್ಲಗ್ ಕೂರುವ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮೈ ಉಕ್ಕಿನದು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ, ರಸ್ತೆಯ ರಾಡಿ ಕೆಳಗಿನಿಂದ ಸಿಡಿಯುತ್ತಲೇ ಇರುತ್ತದೆ. ಎರಡು ಬೇರೆ ಲೋಹಗಳ ನಡುವೆ ತೇವ ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತ ಹೋಗುತ್ತದೆ. ಆ ಪುಡಿಯೇ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಸಂದಿಯಲ್ಲಿ ಗಟ್ಟಿಯಾಗಿ ಪ್ಲಗ್ಗನ್ನು ಹಿಡಿದುಕೊಳ್ಳುತ್ತದೆ.

ಆಚೀಚಿನ ಎರಡೂ ಸಲೀಸಾಗಿ ಬಂದವು. ಮಧ್ಯದ್ದು ಕದಲಲಿಲ್ಲ. ಪ್ಲಗ್ ಪಾನಾಕ್ಕೆ ಒಂದು ಪೈಪ್ ತೂರಿಸಿ ಎಳೆದೆ. ಜಾಗ ಇಕ್ಕಟ್ಟು, ಪಾನಾ ಸ್ವಲ್ಪ ವಾಲಿತು, ಟಕ್ ಎಂದು ಪಿಂಗಾಣಿ ಮುರಿಯಿತು. ಕೈಯಲ್ಲಿ ಬಿಳಿ ತುಂಡು, ಹೆಡ್ಡಿನಲ್ಲಿ ಉಕ್ಕಿನ ಬುಡ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಆದ ತಳಮಳ ಈಗಲೂ ನೆನಪಿದೆ. ಹೆಡ್ಡೇ ಹೋಯಿತು ಅಂದುಕೊಂಡಿದ್ದೆ.

ಗ್ಯಾರೇಜಿನ ಮಾಮನಿಗೆ ಫೋನ್ ಮಾಡಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಾಡಿ ಬಿಚ್ಚಿದ ಕೈ ಅವರದು. ಅವರು ಕೇಳಿದ್ದು ಒಂದೇ: "ಆರು ಮೂಲೆ ಸರಿ ಉಂಟಲ್ಲ ತಮ್ಮಾ?" ಪಾನಾ ಹಿಡಿಯುವ ಆರು ಮೂಲೆ ಸವೆಯದೆ ಇತ್ತು. "ಹಾಗಾದ್ರೆ ಹೆದರಬೇಡ. ಇನ್ನು ಅದನ್ನ ಮುಟ್ಟಬೇಡ, ಎಣ್ಣೆ ಬಿಟ್ಟು ಮಲಗು."

ಮೊದಲು ಸೈಕಲ್ ಪಂಪಿನಿಂದ ಗಾಳಿ ಊದಿ ಸುತ್ತಲಿನ ಮಣ್ಣು, ಪಿಂಗಾಣಿಯ ಚೂರು ಎಲ್ಲ ತೆಗೆದೆ. ಇದನ್ನು ಬಿಡಲೇಬಾರದು. ಪ್ಲಗ್ ಎದ್ದ ಕೂಡಲೇ ಅಲ್ಲಿರುವುದೆಲ್ಲ ಸಿಲಿಂಡರಿಗೆ ಬೀಳುತ್ತದೆ, ಅದರ ಗೋಡೆ ಗೀರುತ್ತದೆ. ಆಮೇಲೆ ಬುಡದ ಸುತ್ತ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದೆ. ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುನಡುವೆ ಪಾನಾ ನೇರ ಕೂರಿಸಿ ಅದರ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದೆ. ಆ ಅದುರಿಗೆ ಎಣ್ಣೆ ಕೆಳಗಿಳಿಯುತ್ತದೆ.

ಎರಡನೇ ದಿನ ಸಂಜೆ ಕಿರ್ ಎಂದು ಕಾಲು ಸುತ್ತು ಬಂತು. ಖುಷಿಯಲ್ಲಿ ಪೂರ್ತಿ ತಿರುಗಿಸಲು ಹೊರಟವನನ್ನು, ನೋಡಲು ಬಂದಿದ್ದ ಮಾಮ ತಡೆದರು. "ಕಾಲು ಸುತ್ತು ಬಂತಲ್ಲ, ಈಗ ವಾಪಸ್ ಟೈಟ್ ಮಾಡು." ಮೊದಲು ಅರ್ಥವಾಗಲಿಲ್ಲ. ಥ್ರೆಡ್ಡಿನಲ್ಲಿರುವ ಪುಡಿ ಪ್ಲಗ್ಗಿನ ಜೊತೆಗೇ ಮೇಲೆ ಬರುತ್ತ ಮುದ್ದೆಯಾಗುತ್ತದೆ. ಹಾಗೇ ಎಳೆದರೆ ಮೆದುವಾದ ಅಲ್ಯೂಮಿನಿಯಂ ಕಿತ್ತು ಬರುತ್ತದೆ. ವಾಪಸ್ ತಿರುಗಿಸಿದರೆ ಮುದ್ದೆ ಒಡೆಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಕಾಲು ಸುತ್ತು ಮೇಲೆ, ಅದರ ಅರ್ಧದಷ್ಟು ಕೆಳಗೆ, ಎಣ್ಣೆ, ಮತ್ತೆ ಮೇಲೆ. ಕಿರ್ ಎಂಬ ಒಣ ಸದ್ದು ಬಂದಾಗಲೆಲ್ಲ ಕೈ ನಿಲ್ಲಿಸಬೇಕು. ಇದನ್ನೆಲ್ಲ ಮಾಡುವಾಗ ಎಂಜಿನ್ ತಣ್ಣಗಿರಬೇಕು. ಕಾದ ಹೆಡ್ಡಿನ ಥ್ರೆಡ್ ಬೇಗ ಹರಿಯುತ್ತದೆ.

ಮೂರನೇ ದಿನ ಮಧ್ಯಾಹ್ನ ಅದು ಹೊರಬಂತು. ಅದರ ಥ್ರೆಡ್ಡಿನ ಮೇಲಿನ ಎರಡು ಸುತ್ತುಗಳಲ್ಲಿ ಹೆಡ್ಡಿನ ಬೆಳ್ಳಗಿನ ಚೂರು ಅಂಟಿತ್ತು. ಮೊದಲ ದಿನದ ನನ್ನ ಪೈಪಿನ ಎಳೆತದ ಗುರುತು ಅದು ಎಂದೇ ನನ್ನ ಅನುಮಾನ. ಮಾಮ 14 ಮಿ.ಮೀ., 1.25 ಪಿಚ್ಚಿನ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ತಂದು ಅದರ ತೋಡುಗಳಿಗೆ ದಪ್ಪಗೆ ಗ್ರೀಸ್ ಮೆತ್ತಿ ಇಳಿಸಿದರು. ಚೂರುಗಳು ಗ್ರೀಸಿಗೆ ಅಂಟಿಕೊಂಡು ಬಂದವು. ಕೆಳಗಿನ ಥ್ರೆಡ್ ಗಟ್ಟಿಯಿತ್ತು. ಅದು ಹೋಗಿದ್ದರೆ ತೂತು ದೊಡ್ಡದು ಮಾಡಿ ಉಕ್ಕಿನ ಸುರುಳಿ ಕೂರಿಸಬೇಕಿತ್ತು.

ಹೊಸ ಪ್ಲಗ್ ಹಾಕಲು ಅವರು ಪಾನಾ ಹಿಡಿಯಲೇ ಇಲ್ಲ. ಪೆಟ್ರೋಲ್ ಪೈಪಿನ ಒಂದು ಗೇಣು ರಬ್ಬರ್ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿದರು. ಥ್ರೆಡ್ ಓರೆ ಹಿಡಿದರೆ ರಬ್ಬರ್ ಜಾರುತ್ತದೆ, ಹೆಡ್ಡಿಗೆ ಏನೂ ಆಗುವುದಿಲ್ಲ. ಇಷ್ಟು ಸರಳವಾದ, ಇಷ್ಟು ಒಳ್ಳೆಯ ಉಪಾಯ ನಾನು ಬೇರೆ ನೋಡಿಲ್ಲ. ವಾಷರ್ ತಾಗಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಅಷ್ಟೇ. ಬಿಗಿ ಅಳೆಯುವ ಟಾರ್ಕ್ ಪಾನಾ ಇದ್ದವರಿಗೆ 25ರಿಂದ 30 ನ್ಯೂಟನ್ ಮೀಟರ್.

ಥ್ರೆಡ್ಡಿಗೆ ಗ್ರೀಸ್ ಹಚ್ಚಲೇ ಎಂದು ಕೇಳಿದೆ. ಬೇಡ ಎಂದರು. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯವರೂ ತಮ್ಮ ಪ್ಲಗ್ಗಿಗೆ ಅದನ್ನೇ ಹೇಳುತ್ತಾರೆ: ಥ್ರೆಡ್ಡಿಗೆ ಲೋಹದ ಲೇಪ ಮೊದಲೇ ಇದೆ, ಜಾರುವಂಥದ್ದು ಹಚ್ಚಿದರೆ ಕೈಗೆ ತಿಳಿಯದೆಯೇ ಬಿಗಿ ಹೆಚ್ಚಾಗುತ್ತದೆ.

ಅಂದಿನಿಂದ ಆಯುಧ ಪೂಜೆಗೆ ಗಾಡಿ ತೊಳೆಯುವ ಹಿಂದಿನ ದಿನ ಸೀಟು ಎತ್ತಿ ಮೂರೂ ಪ್ಲಗ್ ಬಿಚ್ಚಿ, ಒರೆಸಿ, ಹಾಕುತ್ತೇನೆ. ಮಳೆ ಬಹುಮಟ್ಟಿಗೆ ಮುಗಿದಿರುತ್ತದೆ, ಎಂಜಿನ್ ತಣ್ಣಗಿರುತ್ತದೆ. ಆ ರಬ್ಬರ್ ತುಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇದೆ.